ಯಾವ ಕನ್ನಡ ಸಿನಿಮಾ ನೋಡಲಿ? ಇಂದಿನಿಂದ ಹಿಂದಕ್ಕೆ ನಡೆದು ಪಟ್ಟಿ ಮಾಡಿಕೊಳ್ಳುವ ವಿಧಾನ

"ಒಂದು ಒಳ್ಳೆ ಕನ್ನಡ ಸಿನಿಮಾ ಹೇಳಿ" ಅಂತ ಯಾರಾದರೂ ಕೇಳಿದರೆ ನಾನು ಈಗ ತಕ್ಷಣ ಉತ್ತರ ಕೊಡುವುದಿಲ್ಲ. ಒಮ್ಮೆ ಕೊಟ್ಟು ಕೆಟ್ಟಿದ್ದೇನೆ.

ನನ್ನ ತಂಗಿ ಮಗ ಬೆಳೆದದ್ದು ಪುಣೆಯಲ್ಲಿ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಆದರೆ ಕನ್ನಡ ಸಿನಿಮಾ ನೋಡಿದ್ದು ಕಡಿಮೆ. ಹದಿನೇಳನೇ ವಯಸ್ಸಿನಲ್ಲಿ ಬೇಸಿಗೆ ರಜೆಗೆ ಬಂದವನು, "ಮಾವ, ಬೆಸ್ಟ್ ಕನ್ನಡ ಸಿನಿಮಾ ಯಾವುದು?" ಅಂದ. ನಾನು ಜಂಬದಿಂದ 'ಸಂಸ್ಕಾರ' ಹಾಕಿದೆ. 1970ರ ಸಿನಿಮಾ, ನಾಯಕ ಗಿರೀಶ್ ಕಾರ್ನಾಡ್, ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಪಡೆದ ಮೊದಲ ಕನ್ನಡ ಚಿತ್ರ, ಇನ್ನೇನು ಬೇಕು? ಇಪ್ಪತ್ತನೇ ನಿಮಿಷಕ್ಕೆ ಹುಡುಗ ಫೋನ್ ತೆಗೆದ. ನಲವತ್ತಕ್ಕೆ ಸೋಫಾ ಮೇಲೆ ನಿದ್ದೆ. ಆಮೇಲೆ ಎರಡು ವರ್ಷ ಅವನು ಕನ್ನಡ ಸಿನಿಮಾದ ಮಾತೇ ಎತ್ತಲಿಲ್ಲ.

ಸಿನಿಮಾದ್ದು ತಪ್ಪಲ್ಲ, ನಾನು ಹಾಕಿದ ಹೊತ್ತು ತಪ್ಪು. ಈಜು ಬಾರದವನನ್ನು ನೇರ ಬಾವಿಗೆ ತಳ್ಳಿದ ಹಾಗೆ. ಅಲ್ಲಿಂದ ನನಗೆ ತಿಳಿದದ್ದು ಇಷ್ಟು: ಯಾವ ಸಿನಿಮಾ ಅನ್ನುವುದಕ್ಕಿಂತ ಯಾವುದರ ನಂತರ ಯಾವುದು ಅನ್ನುವುದೇ ಜಾಸ್ತಿ ಮುಖ್ಯ. 'ನೋಡಲೇಬೇಕಾದ ನೂರು ಚಿತ್ರಗಳು' ಅನ್ನುವ ಪಟ್ಟಿಗಳು ಎಲ್ಲ ಕಡೆ ಸಿಗುತ್ತವೆ. ಅವುಗಳಲ್ಲಿ ಹೆಸರಿರುತ್ತದೆ, ದಾರಿ ಇರುವುದಿಲ್ಲ. ಇಲ್ಲಿ ಆ ದಾರಿ ಮಾಡಿಕೊಳ್ಳುವುದು ಹೇಗೆ ಅಂತ ಹೇಳುತ್ತೇನೆ. ನಿಮಗಾಗಿ ಆದರೂ ಸರಿ, ಬೇರೆಯವರಿಗೆ ಹೇಳಬೇಕಾದರೂ ಸರಿ.

ಹಂತ 1: ಹೆಸರು ಹೇಳುವ ಮುಂಚೆ ಮೂರು ಪ್ರಶ್ನೆ

ಮೊದಲನೆಯದು: ಫೋನ್ ಮುಟ್ಟದೆ ಪೂರ್ತಿ ನೋಡಿದ ಕೊನೆಯ ಸಿನಿಮಾ ಯಾವುದು? ಯಾವ ಭಾಷೆಯದಾದರೂ ಪರವಾಗಿಲ್ಲ. "ನಿನಗೆ ಎಂಥ ಸಿನಿಮಾ ಇಷ್ಟ?" ಅಂತ ಕೇಳಿದರೆ ಜನ ಸುಳ್ಳು ಹೇಳುತ್ತಾರೆ. ಬೇಕಂತ ಅಲ್ಲ, ತಮ್ಮ ಬಗ್ಗೆ ತಾವೇ ಸ್ವಲ್ಪ ಎತ್ತರವಾಗಿ ಯೋಚಿಸುತ್ತಾರೆ. ಫೋನ್ ಪ್ರಶ್ನೆಗೆ ನಿಜವಾದ ಉತ್ತರ ಬರುತ್ತದೆ.

ಎರಡನೆಯದು: ಜೊತೆಯಲ್ಲಿ ಯಾರು ಕೂರುತ್ತಾರೆ? ಒಬ್ಬರೇ ನೋಡುವ ಸಿನಿಮಾ ಬೇರೆ, ಅಜ್ಜಿ, ಮಗು, ಅತ್ತೆ ಎಲ್ಲ ಕೂತು ನೋಡುವುದು ಬೇರೆ.

ಮೂರನೆಯದು: ಗೊತ್ತಿರುವ ಒಬ್ಬ ಕನ್ನಡ ನಟ ಅಥವಾ ನಟಿಯ ಹೆಸರು ಹೇಳಿ. ಒಂದೇ ಹೆಸರು ಸಾಕು. ಈ ಹೆಸರೇ ನಿಮ್ಮ ಬಾಗಿಲು. ಒಂದೂ ಗೊತ್ತಿಲ್ಲ ಅಂದರೂ ಚಿಂತೆಯಿಲ್ಲ. 'ಕಾಂತಾರ'ವನ್ನೋ 'ಕೆ.ಜಿ.ಎಫ್' ಅನ್ನೋ ನೋಡದವರು ಈಗ ಕಮ್ಮಿ.

ಹಂತ 2: ಕಾಲದ ಅಂದಾಜು ಇರಲಿ

ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ಬಂದದ್ದು 1934ರಲ್ಲಿ. ಅದರ ಪ್ರತಿ ಈಗ ಉಳಿದಿಲ್ಲ, ಹಾಗಾಗಿ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಕೈಗೆ ಸಿಗುವ ಕಥೆ ಶುರುವಾಗುವುದು 1950ರ ದಶಕದಿಂದ. ನಾನು ಅದನ್ನು ಐದು ಕಂತು ಮಾಡಿಕೊಂಡಿದ್ದೇನೆ.

ಮೊದಲ ಕಂತು ನಾಟಕದ ಕಂಪನಿಗಳಿಂದ ಬಂದವರದ್ದು. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ನಾಯಕ, ನರಸಿಂಹರಾಜು ನಗಿಸುವವರು. ಇಬ್ಬರೂ ರಂಗಭೂಮಿಯವರು. ಮಾತನ್ನು ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವ ಹಾಗೆ ಹೇಳುವ ಅಭ್ಯಾಸ ಅವರದ್ದು. ಇದು ಗೊತ್ತಿದ್ದರೆ 'ಯಾಕಿಷ್ಟು ಜೋರಾಗಿ ಮಾತಾಡ್ತಾರೆ?' ಅನ್ನುವ ಪ್ರಶ್ನೆ ಏಳುವುದಿಲ್ಲ. ಈ ಕಂತಿನಲ್ಲಿ 'ಸ್ಕೂಲ್ ಮಾಸ್ಟರ್' (1958), 'ರಣಧೀರ ಕಂಠೀರವ' (1960), ಬಿ. ಸರೋಜಾದೇವಿಯ 'ಕಿತ್ತೂರು ಚೆನ್ನಮ್ಮ' (1961), 'ಸತ್ಯ ಹರಿಶ್ಚಂದ್ರ' (1965) ಇವೆ.

ಎರಡನೆಯದು ಕಾದಂಬರಿಗಳ ಕಾಲ. ಸುಮಾರು 1967ರಿಂದ 80ರವರೆಗೆ. ನನ್ನ ಲೆಕ್ಕದಲ್ಲಿ ಇದೇ ಅತಿ ಶ್ರೀಮಂತ ಕಂತು. ಆಗ ಮನೆಮನೆಯಲ್ಲಿ ಕಾದಂಬರಿ ಓದುತ್ತಿದ್ದರು, ಓದಿದ ಕಥೆಯನ್ನು ತೆರೆಯ ಮೇಲೆ ನೋಡಲು ಹೋಗುತ್ತಿದ್ದರು. ತ್ರಿವೇಣಿಯವರ ಕಾದಂಬರಿಯಿಂದ 'ಬೆಳ್ಳಿಮೋಡ' (1967), 'ಶರಪಂಜರ' (1971). ಎಂ. ಕೆ. ಇಂದಿರಾ ಅವರ 'ಗೆಜ್ಜೆ ಪೂಜೆ' (1969). ಟಿ. ಕೆ. ರಾಮರಾಯರ 'ಬಂಗಾರದ ಮನುಷ್ಯ' (1972). ಭಾರತೀಸುತರ 'ಎಡಕಲ್ಲು ಗುಡ್ಡದ ಮೇಲೆ' (1973). ಇನ್ನೊಂದು ದಡದಲ್ಲಿ ಅನಂತಮೂರ್ತಿಯವರ 'ಸಂಸ್ಕಾರ', ಕಾರಂತರ 'ಚೋಮನ ದುಡಿ' (1975), ಮತ್ತೆ ಅನಂತಮೂರ್ತಿಯವರದೇ ಕಥೆಯಿಂದ ಗಿರೀಶ್ ಕಾಸರವಳ್ಳಿ ಮಾಡಿದ 'ಘಟಶ್ರಾದ್ಧ' (1977). ಮನೆಯಲ್ಲಿ ಓದುವವರಿದ್ದರೆ ಪುಸ್ತಕ ಮತ್ತು ಸಿನಿಮಾ ಜೋಡಿಯಾಗಿ ಕೊಡಿ. ಪುಸ್ತಕ ಮೊದಲೋ ಸಿನಿಮಾ ಮೊದಲೋ ಅನ್ನುವ ಜಗಳ ಬೇರೆ. ನಾನು ಸಿನಿಮಾ ಮೊದಲು ಅನ್ನುವ ಪಕ್ಷ. ಪುಸ್ತಕ ಮೊದಲಾದರೆ ಸಿನಿಮಾ ಉದ್ದಕ್ಕೂ "ಹೀಗಿರಲಿಲ್ಲ" ಅಂತ ಗೊಣಗುತ್ತಾ ಕೂರುತ್ತೇವೆ.

ಮೂರನೆಯದು 80ರ ದಶಕ: ಶಂಕರ್ ನಾಗ್, ಅನಂತ್ ನಾಗ್, ವಿಷ್ಣುವರ್ಧನ್, ಅಂಬರೀಶ್, ಕೊನೆಗೆ 1987ರಲ್ಲಿ 'ಪ್ರೇಮಲೋಕ'ದೊಂದಿಗೆ ರವಿಚಂದ್ರನ್. ನಾಲ್ಕನೆಯದು 90ರ ದಶಕ: ಹಂಸಲೇಖರ ಹಾಡು, ವಠಾರದ ಹಾಸ್ಯ, ಸುನಿಲ್ ಕುಮಾರ್ ದೇಸಾಯಿಯವರ ಥ್ರಿಲ್ಲರ್, 'ಓಂ' (1995), 'ಎ' (1998) ಮಾಡಿದ ಉಪೇಂದ್ರ. ಐದನೆಯದು 2006ರ 'ಮುಂಗಾರು ಮಳೆ'ಯಿಂದ ಈಚೆಗೆ. ಇದರೊಳಗೇ 2013ರ 'ಲೂಸಿಯಾ' ಇನ್ನೊಂದು ತಿರುವು. ಪ್ರೇಕ್ಷಕರೇ ದುಡ್ಡು ಹಾಕಿ ಮಾಡಿಸಿದ ಸಿನಿಮಾ ಅದು.

ಇಷ್ಟು ತಲೆಯಲ್ಲಿದ್ದರೆ ಸಾಕು. ಈ ಕ್ರಮದಲ್ಲೇ ನೋಡಲು ಮಾತ್ರ ಹೋಗಬೇಡಿ. 1954ರಿಂದ ಶುರು ಮಾಡಿ ಒಂದೊಂದೇ ವರ್ಷ ಮುಂದೆ ಬರುತ್ತೇನೆ ಅಂದವರಲ್ಲಿ 1960 ದಾಟಿದವರನ್ನು ನಾನಂತೂ ನೋಡಿಲ್ಲ.

ಹಂತ 3: ಕೊಂಡಿ ಹಿಡಿದು ಹಿಂದಕ್ಕೆ

ಇದೇ ಈ ವಿಧಾನದ ತಿರುಳು. ಈಗ ಇಷ್ಟವಾಗಿರುವ ಒಂದು ಸಿನಿಮಾ ತಗೊಳ್ಳಿ. ಅದರಲ್ಲಿ ಇಷ್ಟವಾದ ಒಬ್ಬ ವ್ಯಕ್ತಿಯನ್ನು ಹಿಡಿಯಿರಿ: ನಟ, ನಿರ್ದೇಶಕ, ಕಥೆಗಾರ, ಯಾರಾದರೂ. ಆ ವ್ಯಕ್ತಿಯ ಹಳೆಯ ಕೆಲಸವೊಂದನ್ನು ನೋಡಿ. ಅಲ್ಲಿ ಇನ್ನೊಬ್ಬರು ಇಷ್ಟವಾಗುತ್ತಾರೆ. ಅವರ ಕೈ ಹಿಡಿದು ಇನ್ನೂ ಹಿಂದಕ್ಕೆ. ಪ್ರತಿ ಸಿನಿಮಾದಲ್ಲೂ ಒಂದು ಪರಿಚಿತ ಮುಖವೋ ಶೈಲಿಯೋ ಇರುವುದರಿಂದ ಹಳೆಯದು ಅನ್ನುವ ಭಯ ಹೋಗುತ್ತದೆ.

ತಂಗಿ ಮಗನಿಗೆ ಎರಡನೇ ಸಲ ನಾನು ಹಾಕಿಕೊಟ್ಟ ಸರಪಳಿ ಇದು.

ಶುರು 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016). ಮರೆವಿನ ಕಾಯಿಲೆಯ ಅಪ್ಪ ಕಳೆದುಹೋಗುತ್ತಾರೆ, ಮಗ ಹುಡುಕುತ್ತಾನೆ. ಅಪ್ಪನಾಗಿ ಅನಂತ್ ನಾಗ್. ಸಿನಿಮಾ ಮುಗಿದ ಮೇಲೆ ಹುಡುಗ ಕೇಳಿದ, "ಇವರು ಮೊದಲು ಹೀರೋ ಆಗಿದ್ರಾ?" ಅಲ್ಲಿಗೆ ಕೊಂಡಿ ಸಿಕ್ಕಿತು.

ಮುಂದಿನ ವಾರ 'ಬೆಳದಿಂಗಳ ಬಾಲೆ' (1995). ಅನಂತ್ ನಾಗ್ ಇಲ್ಲಿ ಚೆಸ್ ಆಟಗಾರ. ಒಬ್ಬಳು ಹುಡುಗಿ ಫೋನ್ ಮಾಡುತ್ತಾಳೆ, ತನ್ನನ್ನು ಕಂಡುಹಿಡಿ ಅಂತ ಸವಾಲು ಹಾಕುತ್ತಾಳೆ. ನಮಗೂ ಅವನಿಗೂ ಕೇಳುವುದು ದನಿ ಮಾತ್ರ. ಮೊಬೈಲ್‌ನಲ್ಲಿ ಯಾರು ಕರೆ ಮಾಡಿದರೂ ಹೆಸರು ಕಾಣುವ ಕಾಲದಲ್ಲಿ ಹುಟ್ಟಿದವನಿಗೆ ಇದು ಹಳೆಯ ಸಿನಿಮಾ ಅನ್ನಿಸಲೇ ಇಲ್ಲ, ಬೇರೆ ಲೋಕದ ಆಟ ಅನ್ನಿಸಿತು. ಬರೀ ಒಂದು ಲ್ಯಾಂಡ್‌ಲೈನ್ ಮತ್ತು ಒಂದು ದನಿ, ಎರಡು ಗಂಟೆ ಮಿಸುಕಾಡದೆ ಕೂತಿದ್ದ.

ಅಲ್ಲಿಂದ ನಿರ್ದೇಶಕನ ಕೈ ಹಿಡಿದೆವು. ಸುನಿಲ್ ಕುಮಾರ್ ದೇಸಾಯಿಯವರ 'ನಿಷ್ಕರ್ಷ' (1993): ದರೋಡೆಕೋರರು ಬ್ಯಾಂಕಿಗೆ ನುಗ್ಗಿ ಜನರನ್ನು ಒತ್ತೆ ಇಟ್ಟುಕೊಳ್ಳುತ್ತಾರೆ. ಇಲ್ಲೂ ಅನಂತ್ ನಾಗ್ ಇದ್ದಾರೆ, ಆದರೆ ಕಣ್ಣು ಹೋಗುವುದು ವಿಷ್ಣುವರ್ಧನ್ ಕಡೆ. ವಿಷ್ಣು ಹಿಡಿದು 'ಬಂಧನ' (1984). ಇದಕ್ಕೆ ಅಮ್ಮನೂ ಬಂದು ಕೂತಳು. ಅವಳ ಪಾಲಿಗೆ ಅದು ಎಷ್ಟನೇ ಸಲವೋ, ಕಣ್ಣೀರು ಮಾತ್ರ ಮೊದಲನೇ ಸಲದ್ದೇ. 'ಬಂಧನ'ದ ನಿರ್ದೇಶಕ ರಾಜೇಂದ್ರ ಸಿಂಗ್ ಬಾಬು. ಅವರದೇ 'ಅಂತ' (1981) ಇದಕ್ಕೆ ಪೂರಾ ಉಲ್ಟಾ: ಸಿಟ್ಟಿನ ಸಿನಿಮಾ, ಅಂಬರೀಶ್ ಎರಡು ಅವತಾರದಲ್ಲಿ. ಚಿತ್ರಹಿಂಸೆಯ ದೃಶ್ಯಗಳಿವೆ, ಚಿಕ್ಕ ಮಕ್ಕಳನ್ನು ಕೂರಿಸಬೇಡಿ.

ಅಂಬರೀಶ್ ಮೊದಲು ತೆರೆಗೆ ಬಂದದ್ದು 'ನಾಗರಹಾವು' (1972) ಚಿತ್ರದಲ್ಲಿ, ಜಲೀಲನಾಗಿ. ವಿಷ್ಣು ನಾಯಕನಾದದ್ದೂ ಅದರಲ್ಲೇ. ಹಿಂದಿನ ಮೂರು ವಾರ ನೋಡಿದ ಇಬ್ಬರೂ ಇಲ್ಲಿ ಎಳೆ ಹುಡುಗರು! ಈ ಖುಷಿ 'ನಾಗರಹಾವು'ವಿನಿಂದಲೇ ಶುರು ಮಾಡಿದವರಿಗೆ ಸಿಗುವುದಿಲ್ಲ. ಚಿತ್ರದುರ್ಗದ ಬಂಡೆ, ರಾಮಾಚಾರಿಯ ಹಟ, ಅಶ್ವಥ್ ಅವರ ಚಾಮಯ್ಯ ಮೇಷ್ಟ್ರು. ಇದರ ನಿರ್ದೇಶಕ ಪುಟ್ಟಣ್ಣ ಕಣಗಾಲ್. ಅವರ ಹಿಂದೆ ಹೋದರೆ 'ಶರಪಂಜರ', ಕಲ್ಪನಾ. ಪುಟ್ಟಣ್ಣ ಕೆಲಸ ಕಲಿತದ್ದು ಬಿ. ಆರ್. ಪಂತುಲು ಅವರ ಬಳಿ. ಪಂತುಲು ಅವರದ್ದು 'ಸ್ಕೂಲ್ ಮಾಸ್ಟರ್'.

ಎಂಟು ಸಿನಿಮಾ, 58 ವರ್ಷ. 2016ರಿಂದ ಹೊರಟ ಹುಡುಗ 1958ಕ್ಕೆ ಬಂದು ನಿಂತಿದ್ದ, ಎಲ್ಲೂ "ಹಳೇದು" ಅಂತ ಮುಖ ಸಿಂಡರಿಸಲಿಲ್ಲ.

ಇನ್ನೆರಡು ಸರಪಳಿ ಬೇಕಿದ್ದರೆ: 'ಕಾಂತಾರ' ಇಷ್ಟವಾದವರು ರಿಷಬ್ ಶೆಟ್ಟಿಯ ಹಿಂದೆ ಹೋಗಿ. 'ಗರುಡ ಗಮನ ವೃಷಭ ವಾಹನ' (2021) ಸಿಗುತ್ತದೆ. ಅದರ ನಿರ್ದೇಶಕ ರಾಜ್ ಬಿ. ಶೆಟ್ಟಿಯವರ ಮೊದಲ ಚಿತ್ರ 'ಒಂದು ಮೊಟ್ಟೆಯ ಕಥೆ' (2017). ಅದರ ನಾಯಕ ಬೋಳು ತಲೆಯ ಕನ್ನಡ ಮೇಷ್ಟ್ರು, ರಾಜ್‌ಕುಮಾರ್ ಅಂದರೆ ಪ್ರಾಣ. ಅಲ್ಲಿಂದ ನೇರ ರಾಜ್‌ಕುಮಾರ್ ಮನೆಗೇ ದಾರಿ. ಅಥವಾ 'ಯು ಟರ್ನ್' (2016) ಇಷ್ಟವಾದವರು ಪವನ್ ಕುಮಾರ್ ಹಿಡಿದು 'ಲೂಸಿಯಾ'ಕ್ಕೆ, ಅಲ್ಲಿಂದ ಅವರು ಮೊದಲು ಜೊತೆಗೆ ಕೆಲಸ ಮಾಡಿದ ಯೋಗರಾಜ್ ಭಟ್ಟರ 'ಮುಂಗಾರು ಮಳೆ'ಗೆ ಹೋಗಿ. ಅಲ್ಲಿ ಕರ್ನಲ್ ಪಾತ್ರದಲ್ಲಿ ಯಾರಿದ್ದಾರೆ? ಅನಂತ್ ನಾಗ್! 'ಕೆ.ಜಿ.ಎಫ್'ನ ಮೊದಲ ಭಾಗದಲ್ಲಿ ಕಥೆ ಹೇಳುವವರೂ ಅವರೇ. ಕನ್ನಡ ಸಿನಿಮಾದಲ್ಲಿ ದಾರಿ ತಪ್ಪಿದರೆ ಅನಂತ್ ನಾಗ್ ಎಲ್ಲಿದ್ದಾರೆ ನೋಡಿ, ಮತ್ತೆ ದಾರಿ ಸಿಗುತ್ತದೆ.

ಹಂತ 4: ಇಷ್ಟದ ನಟರಾದರೆ ಐದು ಮುಖ ಹುಡುಕಿ

ಒಬ್ಬ ನಟನ ಎಲ್ಲ ಸಿನಿಮಾ ನೋಡುವುದು ಅಭಿಮಾನಿಯ ಕೆಲಸ, ಹೊಸಬರಿಗೆ ಬೇಡ. ಒಂದೇ ಥರದ ಐದು ಹಿಟ್ ಕೊಟ್ಟರೂ ಬೇಜಾರಾಗುತ್ತದೆ. ಐದು ಬೇರೆ ಬೇರೆ ಮುಖ ಕೊಡಿ.

ರಾಜ್‌ಕುಮಾರ್ ಇನ್ನೂರಕ್ಕೂ ಹೆಚ್ಚು ಚಿತ್ರ ಮಾಡಿದ್ದಾರೆ. ಎಲ್ಲರೂ ಮೊದಲು 'ಬಂಗಾರದ ಮನುಷ್ಯ' ಅಂತಾರೆ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಸಿನಿಮಾ, ನೋಡಲೇಬೇಕು ನಿಜ. ಆದರೆ ಹದಿಹರೆಯದವರಿಗೆ ನಾನು ಮೊದಲು ಕೊಡುವುದು 'ಜೇಡರ ಬಲೆ' (1968). ದೊರೈ-ಭಗವಾನ್ ಜೋಡಿಯ ಪತ್ತೇದಾರಿ ಚಿತ್ರ, ರಾಜ್ ಇಲ್ಲಿ ಸಿಐಡಿ 999. ಪಂಚೆ ಉಟ್ಟ ಅಣ್ಣಾವ್ರನ್ನು ಮಾತ್ರ ಪೋಸ್ಟರಿನಲ್ಲಿ ನೋಡಿದ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಎರಡನೆಯದು 'ಬಬ್ರುವಾಹನ' (1977): ಅರ್ಜುನನೂ ಅವರೇ, ಅವನ ಎದುರು ನಿಲ್ಲುವ ಮಗನೂ ಅವರೇ. ಅಪ್ಪ ಮಗ ಮಾತಿಗೆ ಮಾತು ಕೊಡುವ ಹಾಡೊಂದಿದೆ, ಅದನ್ನು ಒಂದು ಸಲ ನೋಡಿದವರು ಮತ್ತೆ ಹಾಕಿ ಅನ್ನುತ್ತಾರೆ. ಮೂರನೆಯದು 'ಬಂಗಾರದ ಮನುಷ್ಯ'. ನಾಲ್ಕನೆಯದು 'ಸನಾದಿ ಅಪ್ಪಣ್ಣ' (1977). ಅದರ ಶಹನಾಯಿ ನುಡಿಸಿದ್ದು ಬಿಸ್ಮಿಲ್ಲಾ ಖಾನ್, ಹಾಗಾಗಿ ಒಳ್ಳೆ ಸ್ಪೀಕರ್ ಇಟ್ಟುಕೊಂಡು ನೋಡಿ.

ಕೊನೆಗೆ 'ಕಸ್ತೂರಿ ನಿವಾಸ' (1971). ಇದನ್ನು ಕೊನೆಗೇ ಇಡಿ. ಕೊಟ್ಟು ಕೊಟ್ಟು ಬರಿದಾಗುವ ಸಾಹುಕಾರನ ಕಥೆ. ಇದರಲ್ಲಿ ಒಂದು ಗೊಂಬೆ ಇದೆ: ಬುಡ ದುಂಡಗೆ, ಭಾರವಾಗಿರುವ, ತಳ್ಳಿದರೆ ಬಾಗಿ ಮತ್ತೆ ಎದ್ದು ನಿಲ್ಲುವ ಗೊಂಬೆ. ಮೊದಲು ಅದರ ಮೇಲೆ ಒಂದು ಖುಷಿಯ ಹಾಡು ಬರುತ್ತದೆ. ನಾವೂ ತಲೆದೂಗುತ್ತೇವೆ, ಮರೆತೂ ಬಿಡುತ್ತೇವೆ. ಸಿನಿಮಾ ಮುಗಿಯುವ ಹೊತ್ತಿಗೆ ಅದೇ ಹಾಡು ಬೇರೆ ಮಾತು ಹೊತ್ತು ಮತ್ತೆ ಬರುತ್ತದೆ. ಆಗ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ. ಮೊದಲ ನಾಲ್ಕು ಮುಖ ನೋಡಿದವರಿಗೆ ಆ ಮೌನ ಇನ್ನೂ ಭಾರ. ಇದರ ಬಣ್ಣದ ಪ್ರತಿ 2014ರಲ್ಲಿ ಬಂತು. ನನ್ನ ಓಟು ಕಪ್ಪುಬಿಳುಪಿಗೇ. ನಿಮ್ಮ ಮಕ್ಕಳು ಬಣ್ಣ ಇದ್ದರೆ ಮಾತ್ರ ಕೂರುತ್ತಾರೆ ಅಂದರೆ ಬಣ್ಣವೇ ಹಾಕಿ, ಜಗಳ ಬೇಡ.

ಶಂಕರ್ ನಾಗ್ ವಿಷಯ ಬೇರೆ. 1978ರ 'ಒಂದಾನೊಂದು ಕಾಲದಲ್ಲಿ'ಯಿಂದ 1990ರ ಸೆಪ್ಟೆಂಬರ್ 30ರ ಅಪಘಾತದವರೆಗೆ ಬರೀ ಹನ್ನೆರಡು ವರ್ಷ, ಹೋದಾಗ ವಯಸ್ಸು 35. ಹಾಗಾಗಿ ಇವರನ್ನು ಎರಡು ಸಾಲಾಗಿ ನೋಡಿ: ನಟನೆಗೆ 'ಆಟೋ ರಾಜ' (1980), 'ಗೀತಾ' (1981). ನಿರ್ದೇಶನಕ್ಕೆ 'ಮಿಂಚಿನ ಓಟ' (1980), 'ಆಕ್ಸಿಡೆಂಟ್' (1985). ಆಟೋ ಹಿಂದೆ ಅವರ ಚಿತ್ರ ಯಾಕಿರುತ್ತದೆ ಅನ್ನುವುದಕ್ಕೆ ಮೊದಲ ಸಾಲು ಉತ್ತರ. ಸಿನಿಮಾ ಮಾಡುವವರು ಅವರ ಹೆಸರು ಯಾಕೆ ಹೇಳುತ್ತಾರೆ ಅನ್ನುವುದಕ್ಕೆ ಎರಡನೆಯದು.

ನಾಯಕಿಯರನ್ನು ಹಿಡಿದು ಪಟ್ಟಿ ಮಾಡುವವರು ಕಡಿಮೆ. ಮಾಡಿ ನೋಡಿ, ಬೇರೆಯದೇ ಕನ್ನಡ ಚಿತ್ರರಂಗ ಕಾಣುತ್ತದೆ. ಕಲ್ಪನಾ: 'ಬೆಳ್ಳಿಮೋಡ', 'ಗೆಜ್ಜೆ ಪೂಜೆ', 'ಶರಪಂಜರ', ಇದೇ ಕ್ರಮದಲ್ಲಿ. ಆರತಿ: 'ರಂಗನಾಯಕಿ' (1981). ಜಯಂತಿ: 'ಎಡಕಲ್ಲು ಗುಡ್ಡದ ಮೇಲೆ', ಇದು ದೊಡ್ಡವರು ಕೂತು ನೋಡುವ ಸಿನಿಮಾ. ಉಮಾಶ್ರೀ: 'ಗುಲಾಬಿ ಟಾಕೀಸ್' (2008), ರಾಷ್ಟ್ರಪ್ರಶಸ್ತಿ ತಂದ ಪಾತ್ರ. ಉಮಾಶ್ರೀಯನ್ನು ಬರೀ ಹಾಸ್ಯದಲ್ಲಿ ನೋಡಿದವರಿಗೆ ಇದನ್ನು ಏನೂ ಹೇಳದೆ ಸುಮ್ನೆ ಹಾಕಿ.

ಹಂತ 5: ಬಗೆ ನೋಡಿ ಆರಿಸುವುದು

ನಗಬೇಕು ಅಂದರೆ 'ಗಣೇಶನ ಮದುವೆ' (1990) ಮೊದಲು. ಒಂದು ವಠಾರ, ಮನೆ ಮಾಲೀಕನಿಗೂ ಬಾಡಿಗೆಯ ಗಣೇಶನಿಗೂ ಹಾವು ಮುಂಗುಸಿ. ಗಣೇಶ ರೇಡಿಯೋದಲ್ಲಿ ಹಾಡುವ ಹುಡುಗಿಗೆ ಮುಖ ನೋಡದೆಯೇ ಮನಸ್ಸು ಕೊಟ್ಟಿದ್ದಾನೆ. ಅವಳು ಯಾರು ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅಷ್ಟೇ ಕಥೆ. ವಠಾರದಲ್ಲಿ ಬೆಳೆದವರು ಪ್ರತಿ ಮನೆಯ ಬಾಗಿಲನ್ನೂ ಗುರುತು ಹಿಡಿಯುತ್ತಾರೆ. ಅದು ಹಿಡಿಸಿದರೆ ಅದರ ನಿರ್ದೇಶಕ ಫಣಿ ರಾಮಚಂದ್ರ ಅವರದೇ 'ಗೌರಿ ಗಣೇಶ' (1991). ಸ್ವಲ್ಪ ಖಾರ ಬೇಕಿದ್ದರೆ ಜಗ್ಗೇಶ್ ಅವರ 'ಮಠ' (2006), 'ಎದ್ದೇಳು ಮಂಜುನಾಥ' (2009). ಈ ಎರಡು ಅಜ್ಜಿ ಇಲ್ಲದ ಹೊತ್ತಿಗೆ.

ಹೆದರಬೇಕು ಅಂದರೆ 'ನಾ ನಿನ್ನ ಬಿಡಲಾರೆ' (1979), ಅನಂತ್ ನಾಗ್ ಮತ್ತು ಲಕ್ಷ್ಮಿ. ಆಮೇಲೆ ಉಪೇಂದ್ರರ 'ಶ್!' (1993), 'ಆಪ್ತಮಿತ್ರ' (2004), 'ರಂಗಿತರಂಗ' (2015). ತಲೆ ಓಡಿಸುವ ಥ್ರಿಲ್ಲರ್‌ಗೆ ಕಾಶಿನಾಥ್ ಅವರ 'ಅಪರಿಚಿತ' (1978), ದೇಸಾಯಿಯವರ 'ತರ್ಕ' (1989), ಈಚಿನದರಲ್ಲಿ 'ಕವಲುದಾರಿ' (2019). 'ತರ್ಕ'ದಲ್ಲಿ ಹಾಡೇ ಇಲ್ಲ. "ಹಳೆ ಸಿನಿಮಾ ಅಂದ್ರೆ ಬರೀ ಹಾಡು" ಅನ್ನುವವರ ಬಾಯಿಗೆ ಇದೊಂದೇ ಬೀಗ ಸಾಕು.

ಪ್ರೇಮಕಥೆಗೆ ನನ್ನ ಸಲಹೆ ಕೇಳಬೇಡಿ, ಮನೆಯಲ್ಲೇ ಇದಕ್ಕೆ ಒಮ್ಮತವಿಲ್ಲ. 'ಗೀತಾ', 'ಅಮೃತವರ್ಷಿಣಿ' (1997), 'ಮುಂಗಾರು ಮಳೆ' ಮೂರಕ್ಕೂ ಪಕ್ಷಗಳಿವೆ.

ಇನ್ನು ಪ್ರಶಸ್ತಿ ಸಿನಿಮಾ ಅಂತ ಕರೆಸಿಕೊಳ್ಳುವ ನಿಧಾನದ ಚಿತ್ರಗಳು. ಇವುಗಳಿಗೂ ಮೆಟ್ಟಿಲು ಬೇಕು. ಮೊದಲ ಮೆಟ್ಟಿಲಾಗಿ 'ತಿಥಿ' (2016) ಇಡಿ. 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಹನ್ನೊಂದನೇ ದಿನದ ತಿಥಿಯೊಳಗೆ ಮಗ, ಮೊಮ್ಮಗ, ಮರಿಮಗ ಮೂವರೂ ಮೂರು ದಿಕ್ಕು. ನಟಿಸಿದವರು ಮಂಡ್ಯ ಕಡೆಯ ಹಳ್ಳಿಯ ಜನರೇ. ಹೊಟ್ಟೆ ತುಂಬ ನಗು ಬರುತ್ತದೆ, ಆದರೆ ಕ್ಯಾಮೆರಾ ಅವಸರ ಮಾಡುವುದಿಲ್ಲ. ಆ ವೇಗಕ್ಕೆ ಒಗ್ಗಿದವರಿಗೆ 'ತಬರನ ಕಥೆ' (1986) ಕೊಡಿ: ಪಿಂಚಣಿಗಾಗಿ ಕಚೇರಿ ಅಲೆಯುವ ಮುದುಕ. ತೇಜಸ್ವಿಯವರ ಕಥೆ, ಚಾರುಹಾಸನ್ ನಟನೆ. ಸರ್ಕಾರಿ ಕಚೇರಿಯಲ್ಲಿ "ನಾಳೆ ಬನ್ನಿ" ಅನ್ನಿಸಿಕೊಂಡ ಯಾರಿಗೂ ಇದು ನಿಧಾನ ಅನ್ನಿಸುವುದಿಲ್ಲ. ಆಮೇಲೆ 'ದ್ವೀಪ' (2002), ಆಮೇಲೆ 'ಘಟಶ್ರಾದ್ಧ'. 'ಘಟಶ್ರಾದ್ಧ'ವನ್ನು ಈಚೆಗೆ ಚೆನ್ನಾಗಿ ದುರಸ್ತಿ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಪ್ರತಿ ಎಲ್ಲಾದರೂ ದೊಡ್ಡ ಪರದೆಗೆ ಬಂದರೆ ರಜೆ ಹಾಕಿ ಹೋಗಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 70, 80ರ ದಶಕದ ಎಷ್ಟೋ ಜನಪ್ರಿಯ ಚಿತ್ರಗಳಲ್ಲಿ ಸೊಕ್ಕಿನ ಹೆಣ್ಣನ್ನು ಗಂಡು 'ಪಳಗಿಸುವ' ದೃಶ್ಯಗಳಿವೆ. 'ಸಂಪತ್ತಿಗೆ ಸವಾಲ್' (1974) ನನಗೆ ಪ್ರಾಣ. ರಾಜ್ ಮತ್ತು ಮಂಜುಳಾ ಜಗಳ ಆಡುವುದನ್ನು ಎಷ್ಟು ಸಲ ಬೇಕಾದರೂ ನೋಡುತ್ತೇನೆ. ಆದರೂ ಹದಿನಾಲ್ಕರ ಮಗಳ ಪಕ್ಕ ಕೂತಾಗ ಕೆಲವು ಕಡೆ ಮುಜುಗರ ಆಗುತ್ತದೆ. ನಾನು ಓಡಿಸಿ ಮುಂದೆ ಹೋಗುವುದಿಲ್ಲ. ನಿಲ್ಲಿಸುತ್ತೇನೆ. ಅವಳೇ ಬೈಯುತ್ತಾಳೆ, ಆಮೇಲೆ ಮತ್ತೆ ಹಾಕು ಅನ್ನುತ್ತಾಳೆ.

ಹಂತ 6: ಸಿಕ್ಕಿದ ಪ್ರತಿ ಸರಿಯಿದೆಯಾ?

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಹಳೆಯ ಸಿನಿಮಾ ಬೋರು ಅನ್ನಿಸಲು ಅರ್ಧ ಕಾರಣ ಕೆಟ್ಟ ಪ್ರತಿ. ಹಳೆಯ ಕನ್ನಡ ಚಿತ್ರಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ. ಒಂದೇ ಸಿನಿಮಾದ ನಾಲ್ಕು ಪ್ರತಿ ಸಿಕ್ಕಾಗ ಯಾವುದು ಪೂರ್ತಿ ಅಂತ ಹೇಗೆ ತಿಳಿಯುವುದು?

ಶುರುವಿನಲ್ಲಿ ಬರುವ ಸೆನ್ಸಾರ್ ಪ್ರಮಾಣಪತ್ರದ ಮೇಲೆ ವಿಡಿಯೋ ನಿಲ್ಲಿಸಿ. ಅದರಲ್ಲಿ ಚಿತ್ರದ ಉದ್ದ ಬರೆದಿರುತ್ತದೆ. 35 ಎಂಎಂ ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ, ಅಂದರೆ ಸುಮಾರು 27.4 ಮೀಟರ್. ಹಾಗಾಗಿ ಮೀಟರ್ ಇದ್ದರೆ 27.4ರಿಂದ, ಅಡಿ ಇದ್ದರೆ 90ರಿಂದ ಭಾಗಿಸಿ. 4,110 ಮೀಟರ್ ಅಂತ ಇದ್ದರೆ 150 ನಿಮಿಷ. ನಿಮ್ಮ ಮುಂದಿರುವ ವಿಡಿಯೋ 125 ನಿಮಿಷ ಇದ್ದರೆ ಎರಡು ಮೂರು ಹಾಡು, ಒಂದಷ್ಟು ಕಥೆ ಯಾರದೋ ಕತ್ತರಿಗೆ ಹೋಗಿದೆ ಅಂತ ಅರ್ಥ. 144 ಇದ್ದರೆ ಗಾಬರಿ ಬೇಡ. ಸಿನಿಮಾದ ವೇಗ ಸೆಕೆಂಡಿಗೆ 24 ಚೌಕಟ್ಟು, ಕೆಲವು ಟಿವಿ ಮತ್ತು ಡಿವಿಡಿ ಪ್ರತಿಗಳದ್ದು 25. ಏನೂ ಕತ್ತರಿಸಿಲ್ಲ, ಸ್ವಲ್ಪ ಬೇಗ ಓಡುತ್ತಿದೆ ಅಷ್ಟೆ.

ಮುಖಗಳು ದೋಸೆ ಹಾಗೆ ಅಗಲವಾಗಿ ಕಂಡರೆ ಹಳೆಯ ಚೌಕದ ಚಿತ್ರವನ್ನು ಅಗಲ ಟಿವಿಗೆ ಎಳೆದಿದ್ದಾರೆ ಅಂತ ತಿಳಿಯಿರಿ. ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ 4:3 ಮಾಡಿ. ಪಕ್ಕದಲ್ಲಿ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಕಲ್ಪನಾ ಮುಖ ಕಲ್ಪನಾ ಮುಖದ ಹಾಗೇ ಕಾಣುವುದು ಮುಖ್ಯ ಅಲ್ವಾ?

ಹೆಸರಿನ ಜೊತೆ ಯಾವಾಗಲೂ ವರ್ಷ ಹಾಕಿ ಹುಡುಕಿ. 'ನಾಗರಹಾವು' ಅಂತ 2016ರಲ್ಲೂ ಒಂದಿದೆ. 'ಯಜಮಾನ' 2000ದ್ದು ವಿಷ್ಣುವರ್ಧನ್ ಅವರದ್ದು, 2019ರದ್ದು ದರ್ಶನ್ ಅವರದ್ದು. 'ಚಕ್ರವ್ಯೂಹ' 1983ರಲ್ಲಿ ಅಂಬರೀಶ್, 2016ರಲ್ಲಿ ಪುನೀತ್. 'ಗಂಧದ ಗುಡಿ' 1973ರಲ್ಲಿ ಅಪ್ಪ ರಾಜ್‌ಕುಮಾರ್ ಅವರ ಕಾಡಿನ ಕಥೆ, 2022ರಲ್ಲಿ ಮಗ ಪುನೀತ್ ಅವರ ಕಾಡಿನ ಸಾಕ್ಷ್ಯಚಿತ್ರ. ಈ ಕೊನೆಯ ಎರಡನ್ನು ಮಾತ್ರ ತಪ್ಪಾಗಿಯಲ್ಲ, ಬೇಕಂತಲೇ ಒಂದರ ಹಿಂದೆ ಒಂದು ನೋಡಿ.

ಹಂತ 7: ನೋಡುವ ಸಂಜೆ

ಎರಡೂವರೆ ಗಂಟೆ ಒಂದೇ ಸಲ ಕೂರಲಾಗದಿದ್ದರೆ ಇಂಟರ್‌ವಲ್‌ಗೆ ನಿಲ್ಲಿಸಿ, ಉಳಿದದ್ದು ನಾಳೆ. ಆ ಸಿನಿಮಾಗಳನ್ನು ಕಟ್ಟಿರುವುದೇ ಎರಡು ತುಂಡಾಗಿ. ಇಂಟರ್‌ವಲ್ ಎಲ್ಲಿ ಬರುತ್ತದೋ ಅಲ್ಲಿ ಒಂದು ಗಂಟು ಬಿದ್ದಿರುತ್ತದೆ. ಬೇರೆಲ್ಲೋ ನಿಲ್ಲಿಸಿದರೆ ಮರುದಿನ ಯಾರಿಗೂ ಮುಂದುವರಿಸುವ ಮನಸ್ಸು ಇರುವುದಿಲ್ಲ.

ನೋಡುವ ವಾರ ಕಾರಿನಲ್ಲಿ, ಅಡುಗೆಮನೆಯಲ್ಲಿ ಅದರ ಒಂದು ಹಾಡು ಹಾಕುತ್ತಾ ಇರಿ, ಏನೂ ಹೇಳಬೇಡಿ. 'ಬೆಳ್ಳಿಮೋಡ'ಕ್ಕೆ ಮುಂಚೆ ನಾನು ಬೇಂದ್ರೆಯವರ 'ಮೂಡಲ ಮನೆಯ' ಹಾಕಿದ್ದೆ. ಸಿನಿಮಾದಲ್ಲಿ ಅದು ಬಂದಾಗ ಮಗಳು "ಅರೆ, ಇದು ಗೊತ್ತು!" ಅಂದಳು. ಅಪರಿಚಿತ ಊರಿನಲ್ಲಿ ಪರಿಚಯದ ಮನೆ ಸಿಕ್ಕ ಹಾಗೆ.

ಅರ್ಧ ಗಂಟೆ ಕೊಟ್ಟು ನೋಡಿ. ಆಗಲೂ ಹಿಡಿಸದಿದ್ದರೆ ನಿಲ್ಲಿಸಿಬಿಡಿ, ಮಾನ ಮರ್ಯಾದೆ ಪ್ರಶ್ನೆ ಮಾಡಿಕೊಳ್ಳಬೇಡಿ. ಸರಪಳಿಯಲ್ಲಿ ಪಕ್ಕದ ಕೊಂಡಿಗೆ ಹೋಗಿ.

ಹಂತ 8: ಒಂದು ನೋಟ್‌ಬುಕ್

ಹೆಸರು, ವರ್ಷ, ಯಾರ ಜೊತೆ ನೋಡಿದೆವು, ಯಾರು ಎಲ್ಲಿ ಎದ್ದು ಹೋದರು, ಮುಂದಿನ ಕೊಂಡಿ ಯಾರು. ಇಷ್ಟು ಬರೆಯಿರಿ ಸಾಕು, ನಕ್ಷತ್ರ ಅಂಕ ಏನೂ ಬೇಡ. ನನ್ನದರಲ್ಲಿ ಒಂದು ಪುಟ ಹೀಗಿದೆ: 'ಬಂಧನ, 1984. ಅಮ್ಮ, ಹುಡುಗ. ಅಮ್ಮ ಅತ್ತಳು. ಹುಡುಗ ಅಳಲಿಲ್ಲ, ನೀರು ಕುಡಿಯಲು ಎರಡು ಸಲ ಅಡುಗೆಮನೆಗೆ ಹೋದ.' ಮುಂದೆ ಏನು ಹಾಕಬೇಕು ಅಂತ ತಿಳಿಯಲು ಇದಕ್ಕಿಂತ ಒಳ್ಳೆ ಮಾಹಿತಿ ನನಗೆ ಎಲ್ಲೂ ಸಿಕ್ಕಿಲ್ಲ.

ಆ ಹುಡುಗನಿಗೆ ಈಗ ಇಪ್ಪತ್ತೆರಡು. ಎಂಟು ಕೊಂಡಿ ಮುಗಿಸಿ, 'ತಿಥಿ', 'ತಬರನ ಕಥೆ', 'ಘಟಶ್ರಾದ್ಧ' ದಾಟಿ, ಹೋದ ತಿಂಗಳು ತಾನೇ ಹುಡುಕಿಕೊಂಡು ಒಂದು ಸಿನಿಮಾ ನೋಡಿದ. ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು.

"ಮಾವ, 'ಸಂಸ್ಕಾರ' ಅಂತ ಒಂದಿದೆ. ಎಂಥ ಸಿನಿಮಾ ಮಾರಾಯ! ನೀವು ಇದನ್ನ ನನಗೆ ಯಾವತ್ತೂ ಯಾಕೆ ತೋರಿಸಲೇ ಇಲ್ಲ?"

ಸೋಫಾ ವಿಷಯ ನಾನು ಎತ್ತಲಿಲ್ಲ. ನೋಟ್‌ಬುಕ್ ತೆಗೆದು ಹೆಸರು, ವರ್ಷ ಬರೆದೆ. 'ಮುಂದಿನ ಕೊಂಡಿ' ಅನ್ನುವ ಜಾಗದಲ್ಲಿ ಗಿರೀಶ್ ಕಾರ್ನಾಡ್ ಅಂತ ಹಾಕಿದೆ.